ಸರ್ವರ್ ಯಂತ್ರಕ್ಕೆ ಹೊಸ ವ್ಯವಸ್ಥೆ: ಮೊದಲು ಆಗಬೇಕಾದ ಕೆಲಸಗಳು

‘ಸರ್ವರ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ, ಒಂದೇ ಕೈಯ ಮೇಲೆ ನಾಲ್ಕು ಪ್ಲೇಟು ಇಡ್ಲಿಯನ್ನೇರಿಸಿಕೊಂಡು ಟೇಬಲಿನಿಂದ ಟೇಬಲಿಗೆ ಓಡುವ ಮಾಣಿಯ ಚಿತ್ರವೇ ಕಣ್ಣಿಗೆ ಕಟ್ಟುವುದು ಸಹಜ. ಆಫೀಸುಗಳಲ್ಲಿ ದುಡಿಯುವ ಗುಮಾಸ್ತ ಬಂಧುಗಳಿಗಾದರೋ ಅದೇ ಹೆಸರಿನ ಇನ್ನೊಬ್ಬ ಪರಿಚಿತನಿದ್ದಾನೆ: ಕೋಣೆಯ ಮೂಲೆಯಲ್ಲಿ ಹಗಲಿರುಳೂ ಗುಂಯ್‌ಗುಡುತ್ತ ನಿಂತಿರುವ ಒಂದು ಕರಿಯ ಪೆಟ್ಟಿಗೆ. ಹೆಸರು ಒಂದೇ ಆದುದು ಆಕಸ್ಮಿಕವೇನಲ್ಲ. ಕೇಳಿದವರಿಗೆ ಕೇಳಿದ್ದನ್ನು ತಂದೊಪ್ಪಿಸುವುದೇ ಇಬ್ಬರ ಕೆಲಸವೂ. ಹತ್ತು ಮೇಜುಗಳಿಂದ ಹತ್ತು ಗುಮಾಸ್ತರು ಏಕಕಾಲಕ್ಕೆ ಲೆಕ್ಕದ ಪುಟಗಳನ್ನು ಕೇಳಿದರೂ ಯಾರದು ಯಾರಿಗೆಂದು ತಪ್ಪದೆ ಈ ಪೆಟ್ಟಿಗೆ ತಲುಪಿಸುತ್ತದೆ. ಮಾಣಿ ರಜೆ ಹಾಕಿದರೆ ಇನ್ನೊಬ್ಬನಿಂದ ಆ ಹೊತ್ತಿನ ಕೆಲಸ ಸಾಗೀತು. ಪೆಟ್ಟಿಗೆ ಮಲಗಿತೆಂದರೆ ಆಫೀಸೇ ಮಲಗಿದಂತೆ.

ದಿವಾದಲ್ಲಿರುವ ನಮ್ಮ ವಾಚಕರೊಬ್ಬರು ಕೆಲವು ತಿಂಗಳ ಹಿಂದೆ ನಮಗೊಂದು ಕಾಗದ ಬರೆದಿದ್ದರು. ಅವರು ಅಲ್ಲಿಯ ಒಂದು ಸಣ್ಣ ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತರು. ಸಂಘದ ಸದಸ್ಯರಲ್ಲಿ ಹೆಚ್ಚಿನವರು ದಿವಾ, ಮುಂಬ್ರಾ, ಡೊಂಬಿವಲಿ ಕಡೆಯ ಹೊಟೇಲು ನೌಕರರು ಮತ್ತು ಸಣ್ಣ ಅಂಗಡಿಯವರು; ದಿನಕ್ಕೆ 20, 50 ರೂಪಾಯಿಯಂತೆ ಪಿಗ್ಮಿ ಕಟ್ಟತಕ್ಕವರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪ್ರಾರಂಭಿಸಿದ ಈ ಪಿಗ್ಮಿ ಪದ್ಧತಿಯನ್ನು ನಮ್ಮ ಜನರಿಗೆ ವಿವರಿಸಬೇಕಾದುದಿಲ್ಲ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ಫಲಕದಿಂದ ಹೆಸರು ಇಳಿಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮವರ ಬಾಯಲ್ಲಿ ಉಳಿದಿದೆ. ಕಾಗದದ ಸಾರಾಂಶವಿಷ್ಟು: ಸಂಘದ ಲೆಕ್ಕವೆಲ್ಲ ಇರುವ ಯಂತ್ರದ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತೆಂದು ಲೆಕ್ಕಪರಿಶೋಧಕರು ಆಕ್ಷೇಪವೆತ್ತಿದ್ದಾರೆ. ಹೊಸದನ್ನು ಹಾಕಿಸಲು ಸಮಿತಿ ನಿರ್ಣಯ ಮಾಡಿದೆ. ಮಾರಲು ಬಂದವನು ‘ಒಂದು ಗಂಟೆಯ ಕೆಲಸ’ವೆಂದು ಹೇಳಿ ಹೋಗಿದ್ದಾನೆ. ‘ಈ ಒಂದು ಗಂಟೆಯ ಮಾತು ನಿಜವೇ? ಅದಕ್ಕೆ ಮೊದಲು ನಾನು ಮಾಡಬೇಕಾದುದೇನಾದರೂ ಉಂಟೇ?’

ಒಂದು ಗಂಟೆಯ ಮಾತು ನಿಜ. ಆದರೆ ಆ ಗಂಟೆಗೆ ಮುಂಚಿನ ಸಿದ್ಧತೆಗೆ ಮೂರು ಭಾನುವಾರಗಳು ಹಿಡಿದುವು. ಆ ಮೂರು ಭಾನುವಾರಗಳಲ್ಲಿ ನಾವು ಕಂಡು ಕೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಪತ್ರಿಕೆಗೆ ಬರುವ ಮೊದಲು ಹೊಟೇಲು ನಡೆಸಿದ ನಮಗೆ ಈ ವಿದ್ಯೆ ಬಂದುದಲ್ಲ. ವಿದ್ಯೆ ಬಲ್ಲವನು ಬೇರೊಬ್ಬನಿದ್ದನು. ಕುಂದಾಪುರ ಕಡೆಯ ತರುಣ. ತಂದೆ ಡೊಂಬಿವಲಿಯ ಹೊಟೇಲೊಂದರಲ್ಲಿ ಅಡಿಗೆ ಕೆಲಸದವರು. ಮಗ ಡಿಪ್ಲೊಮಾ ಮುಗಿಸಿ ಐರೋಲಿಯ ಒಂದು ಡೇಟಾ ಸೆಂಟರಿನಲ್ಲಿ ರಾತ್ರಿಪಾಳಿಗೆ ಸೇರಿದ್ದಾನೆ. ಮನೆ ದಿವಾ ಪೂರ್ವದಲ್ಲಿ. ಭಾನುವಾರದ ಮೆಗಾ ಬ್ಲಾಕ್ ಪ್ರಾರಂಭವಾಗುವ ಮುಂಚೆಯೇ ಪಾಳಿ ಮುಗಿಸಿ ಠಾಣೆಯಲ್ಲಿ ಗಾಡಿ ಬದಲಿಸಿ ಬಂದು, ಚಹಾ ಕುಡಿದು, ನೇರವಾಗಿ ಸಂಘದ ಆಫೀಸಿಗೆ ಬರುತ್ತಿದ್ದನು. ಗುಮಾಸ್ತರು ಅವನನ್ನು ‘ಮಾಣಿ’ ಎಂದೇ ಕರೆಯುವರು. ಅವನು ಅವರನ್ನು ‘ಅಣ್ಣಾ’ ಎನ್ನುವನು. ಸಂಭಾವನೆಯ ಮಾತೆತ್ತಿದಾಗ, ತನ್ನ ತಂದೆಯ ಪಿಗ್ಮಿಯೂ ಆ ಪೆಟ್ಟಿಗೆಯಲ್ಲೇ ಇದೆಯೆಂದು ನಕ್ಕನು.

ಆಪರೇಟಿಂಗ್ ಸಿಸ್ಟಂ ಎಂದರೆ ಏನೆಂದು ತಿಳಿಯದ ವಾಚಕರಿಗಾಗಿ ಒಂದೆರಡು ಮಾತು. ಪೆಟ್ಟಿಗೆಯೊಳಗಿನ ಲೋಹ, ತಂತಿ, ಡಿಸ್ಕು, ಫ್ಯಾನು ಇವೆಲ್ಲ ಯಂತ್ರದ ಶರೀರ. ಸಂಘದ ಲೆಕ್ಕ ಬರೆಯುವ ತಂತ್ರಾಂಶವು ಅದರ ಉದ್ಯೋಗ. ಇವೆರಡರ ಮಧ್ಯೆ ನಿಂತು, ಯಾವ ಕೆಲಸಕ್ಕೆ ಯಾವ ಅಂಗವನ್ನು ಎಷ್ಟು ಹೊತ್ತು ಬಳಸಬೇಕೆಂದು ನಿರ್ಧರಿಸುವ ಮೇಸ್ತ್ರಿಯೇ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯವ್ಯವಸ್ಥೆ. ಇದನ್ನು ಬರೆದ ಕಂಪೆನಿಯವರು ಅದರಲ್ಲಿ ಕಂಡುಬರುವ ಬಿರುಕುಗಳಿಗೆ ಕಾಲಕಾಲಕ್ಕೆ ತೇಪೆ ಕಳುಹಿಸುತ್ತಿರುತ್ತಾರೆ. ಒಂದು ದಿನ ನಿಲ್ಲಿಸುತ್ತಾರೆ. ಸಂಘದಲ್ಲಿದ್ದುದು ಮೈಕ್ರೋಸಾಫ್ಟ್‌ನವರ ವಿಂಡೋಸ್ ಸರ್ವರ್ 2012 ಆರ್2. ಅದರ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ರಂದು ಮುಗಿಯಿತು. ಅನಂತರ ಕಂಡುಬಂದ ಬಿರುಕು ಹಾಗೆಯೇ ತೆರೆದಿರುವುದು. ಇಂತಹ ಆಲಸ್ಯ ಸಣ್ಣ ಸಂಘಗಳಿಗೆ ಮೀಸಲಾದುದಲ್ಲ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತುದು 2014ರ ಏಪ್ರಿಲ್‌ನಲ್ಲಿ. ನಮ್ಮ ದೇಶದ ಬ್ಯಾಂಕುಗಳ ಎಟಿಎಂ ಯಂತ್ರಗಳಲ್ಲಿ ಅದು ಇನ್ನೂ ಓಡುತ್ತಿರುವುದನ್ನು ಕಂಡು ರಿಸರ್ವ್ ಬ್ಯಾಂಕು 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, 2019ರ ಜೂನ್‌ನೊಳಗೆ ಎಲ್ಲ ಯಂತ್ರಗಳನ್ನೂ ಬದಲಿಸಬೇಕೆಂದು ಗಡುವು ವಿಧಿಸಬೇಕಾಯಿತು.

ಮೊದಲನೆಯ ಭಾನುವಾರ ತರುಣನು ಯಂತ್ರವನ್ನು ಮುಟ್ಟಲೇ ಇಲ್ಲ. ಒಂದು ನೋಟುಪುಸ್ತಕ ಕೇಳಿದನು. ಯಂತ್ರದ ಮಾದರಿ, ಕ್ರಮಸಂಖ್ಯೆ, ಕೊಂಡ ವರ್ಷ, ಪ್ರೊಸೆಸರಿನ ಹೆಸರು, ಸ್ಮರಣಶಕ್ತಿಯ ಗಾತ್ರ, ಡಿಸ್ಕುಗಳೆಷ್ಟು, ಯಾವ ತಂತಿ ಎಲ್ಲಿಗೆ ಹೋಗಿದೆ, ಯಂತ್ರದ ನೆಟ್‌ವರ್ಕ್ ವಿಳಾಸವೇನು, ಯಾವ ಯಾವ ಪ್ರಿಂಟರುಗಳು ಅದನ್ನು ಆಶ್ರಯಿಸಿವೆ, ಯಾರು ಯಾರಿಗೆ ಯಾವ ಅಧಿಕಾರವಿದೆ, ತಂತ್ರಾಂಶದ ಪರವಾನಗಿ ಪತ್ರ ಯಾವ ಕಪಾಟಿನಲ್ಲಿದೆ ಎಂಬುದನ್ನೆಲ್ಲ ಗುಮಾಸ್ತರಿಂದ ಕೇಳಿ ಬರೆಸಿದನು. ಹೊಟೇಲಿನಲ್ಲಿ ಹಳೆಯ ಭಟ್ಟರು ಬಿಟ್ಟು ಹೊಸಬರು ಬರುವ ಮುನ್ನ ಉಗ್ರಾಣದ ಪಟ್ಟಿ ಮಾಡಿಸುವ ಪದ್ಧತಿ ನಮಗೆ ನೆನಪಾಯಿತು. ಪಟ್ಟಿಯಿಲ್ಲದಿದ್ದರೆ ಮಾರನೆಯ ದಿನ ಕಡಾಯಿ ಎಲ್ಲಿ, ಸೌಟು ಎಲ್ಲಿ ಎಂಬ ಜಗಳ ತಪ್ಪಿದ್ದಲ್ಲ.

ಆ ಪಟ್ಟಿಯಿಂದ ಕೂಡಲೇ ಒಂದು ಪ್ರಯೋಜನವಾಯಿತು. ಸಮಿತಿಯವರು ಕೊಳ್ಳಹೊರಟಿದ್ದುದು ಎಲ್ಲಕ್ಕಿಂತ ಹೊಸದಾದ 2025ರ ಆವೃತ್ತಿ. ಯಂತ್ರವಾದರೋ 2018ರಲ್ಲಿ ಕೊಂಡುದು. ಯಾವ ಮಾದರಿಗೆ ಯಾವ ಕಾರ್ಯವ್ಯವಸ್ಥೆ ಹೊಂದುವುದೆಂದು ಯಂತ್ರ ತಯಾರಿಸುವ ಕಂಪೆನಿಗಳು ಪಟ್ಟಿ ಪ್ರಕಟಿಸಿರುತ್ತವೆ. ಆ ಪಟ್ಟಿಯಲ್ಲಿ ಈ ಮಾದರಿಗೆ 2022ರ ಆವೃತ್ತಿಯವರೆಗೆ ಮಾತ್ರ ಒಪ್ಪಿಗೆಯಿದ್ದಿತು. ಒಪ್ಪಿಗೆಯಿಲ್ಲದ್ದನ್ನು ಹಾಕಿದರೆ ಓಡಲೇಬಾರದೆಂದೇನಿಲ್ಲ. ಆದರೆ ನಾಳೆ ಡಿಸ್ಕು ನಿಯಂತ್ರಕವೋ ನೆಟ್‌ವರ್ಕ್ ಕಾರ್ಡೋ ಮುಷ್ಕರ ಹೂಡಿದಾಗ ಕೇಳುವವರಿರುವುದಿಲ್ಲ. ಲಿನಕ್ಸ್ ಪಕ್ಷದವರಿಗೂ ಈ ತೊಡಕು ತಪ್ಪಿದ್ದಲ್ಲ. ರೆಡ್ ಹ್ಯಾಟ್ ಕಂಪೆನಿಯವರು 2019ರಲ್ಲಿ ತಮ್ಮ 8ನೆಯ ಆವೃತ್ತಿಯನ್ನು ಹೊರತಂದಾಗ ಹಳೆಯ ಡಿಸ್ಕು ನಿಯಂತ್ರಕಗಳಲ್ಲಿ ಅನೇಕವನ್ನು ಕೈಬಿಟ್ಟುದರಿಂದ, ಡಿಸ್ಕು ಎದುರಿಗಿದ್ದರೂ ವ್ಯವಸ್ಥೆಗೆ ಅದು ಕಾಣದಂತಹ ಪ್ರಸಂಗಗಳುಂಟಾದುವು. ಸಂಘದವರು 2022ರ ಆವೃತ್ತಿಯನ್ನೇ ಕೊಂಡರು. ಅದಕ್ಕೆ 2031ರ ಅಕ್ಟೋಬರ್‌ವರೆಗೆ ತೇಪೆ ದೊರೆಯುವುದೆಂದು ಕಂಪೆನಿಯ ಪ್ರಕಟಣೆ.

ಇನ್ನು ಬ್ಯಾಕಪ್ಪಿನ ವಿಚಾರ. ಇದನ್ನು ಕೊಂಚ ವಿಸ್ತಾರವಾಗಿ ಹೇಳದೆ ವಿಧಿಯಿಲ್ಲ.

ಹೊಸ ವ್ಯವಸ್ಥೆ ಹಾಕುವುದೆಂದರೆ ಸಾಮಾನ್ಯವಾಗಿ ಡಿಸ್ಕನ್ನು ಅಳಿಸಿ ಬರೆಯುವುದು. ಅಳಿಸುವ ಮುನ್ನ ಲೆಕ್ಕದ ಪ್ರತಿ ಬೇರೆಡೆ ಇರಬೇಕಷ್ಟೆ. ಈ ಬಗ್ಗೆ ಗುಮಾಸ್ತರಿಗೆ ಲವಲೇಶವೂ ಆತಂಕವಿರಲಿಲ್ಲ. ಪ್ರತಿದಿನ ಸಂಜೆ ಒಂದು ಹೊರಗಿನ ಡಿಸ್ಕಿಗೆ ಪ್ರತಿಯಾಗುತ್ತಿದ್ದಿತು. ಪರದೆಯ ಮೇಲೆ ‘ಯಶಸ್ವಿ’ ಎಂದು ಹಸಿರು ಅಕ್ಷರ ಮೂಡುತ್ತಿದ್ದಿತು. ಅದನ್ನು ನೋಡಿ ಅವರು ದಿನಚರಿಯಲ್ಲಿ ಸಹಿ ಹಾಕುತ್ತಿದ್ದರು. ಸಹಿ ಒಂದು ದಿನವೂ ತಪ್ಪಿದ್ದಿಲ್ಲ. ತರುಣನು ದಿನಚರಿಯನ್ನು ಗೌರವದಿಂದಲೇ ನೋಡಿ ಮುಚ್ಚಿಟ್ಟು ಹೇಳಿದನು:

‘ಅಣ್ಣಾ, ಪ್ರತಿ ಇದೆ ಎನ್ನುವುದು ಬೇರೆ, ಅದರಿಂದ ಲೆಕ್ಕ ಎದ್ದು ಬರುತ್ತದೆ ಎನ್ನುವುದು ಬೇರೆ. ಅಳಿಸಿದ ಮೇಲೆ ಪರೀಕ್ಷೆ ಮಾಡುವುದೋ, ಅಳಿಸುವ ಮೊದಲು ಮಾಡುವುದೋ?’

ಕಾರ್ಯದರ್ಶಿಗಳಿಗೆ ಇದು ಅನಾವಶ್ಯಕ ವಿಳಂಬವಾಗಿ ಕಂಡಿತು. ಅದೇ ದಿನ ಕೆಲಸ ಮುಗಿಯುವುದೆಂಬ ನಂಬಿಕೆಯಿಂದ ಅವರು ಊಟಕ್ಕೂ ಹೇಳಿ ಬಂದಿದ್ದರು. ಆದರೂ ತರುಣನ ಹಟಕ್ಕೆ ಒಪ್ಪಿ, ಸಂಘದಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಒಂದು ಹಳೆಯ ಕಂಪ್ಯೂಟರನ್ನು ತೆಗೆಸಿ, ಅದರಲ್ಲಿ ಲೆಕ್ಕದ ತಂತ್ರಾಂಶವನ್ನು ಹಾಕಿ, ಹೊರಗಿನ ಡಿಸ್ಕಿನ ಪ್ರತಿಯನ್ನು ಅದಕ್ಕಿಳಿಸಿದರು. ಪುಸ್ತಕ ತೆರೆಯಿತು. ಸದಸ್ಯರ ಹೆಸರುಗಳು ಬಂದುವು. ಗುಮಾಸ್ತರು ಸಂತೋಷದಿಂದ ಒಬ್ಬ ಮಾಣಿಯ ಪಿಗ್ಮಿ ಖಾತೆಯನ್ನು ತೆರೆದರು. ಲೆಕ್ಕ ಹಿಂದಿನ ವರ್ಷದ ಚೌತಿಯ ಹತ್ತಿರ ನಿಂತುಹೋಗಿದ್ದಿತು. ಇನ್ನೊಂದು ಖಾತೆ, ಅದೂ ಹಾಗೆಯೇ. ಹತ್ತು ಖಾತೆಗಳನ್ನು ನೋಡಿದರು. ಚೌತಿಯಿಂದೀಚೆಗೆ ಸಂಘದಲ್ಲಿ ಯಾರೂ ಒಂದು ಪೈಸೆಯನ್ನೂ ಕಟ್ಟಿಲ್ಲ!

ಕೋಣೆಯಲ್ಲಿ ಕೆಲಹೊತ್ತು ಫ್ಯಾನಿನ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ಕಾರಣ ಹೊರಬಿತ್ತು. ಹಿಂದಿನ ವರ್ಷ ತಂತ್ರಾಂಶದವರು ತಮ್ಮ ಹೊಸ ಆವೃತ್ತಿಯನ್ನು ಹಾಕುವಾಗ ಲೆಕ್ಕದ ಕಡತಗಳನ್ನು ಬೇರೊಂದು ಕಪಾಟಿಗೆ, ಎಂದರೆ ಯಂತ್ರದೊಳಗಿನ ಬೇರೊಂದು ಫೋಲ್ಡರಿಗೆ, ಸಾಗಿಸಿದ್ದರು. ಪ್ರತಿ ತೆಗೆಯುವ ವ್ಯವಸ್ಥೆಗೆ ಇದನ್ನು ಯಾರೂ ತಿಳಿಸಲಿಲ್ಲ. ಅದು ದಿನವೂ ನಿಷ್ಠೆಯಿಂದ ಹಳೆಯ ಕಪಾಟಿನ ಹಳೆಯ ಕಡತವನ್ನೇ ನಕಲು ಮಾಡಿ ‘ಯಶಸ್ವಿ’ ಎಂದು ವರದಿ ಒಪ್ಪಿಸುತ್ತಿದ್ದಿತು. ಯಂತ್ರ ಸುಳ್ಳು ಹೇಳಲಿಲ್ಲ. ಹೇಳಿದ ಕೆಲಸವನ್ನು ಮಾಡಿದ್ದಿತು. ಆ ಭಾನುವಾರವೇ ಆ ‘ಒಂದು ಗಂಟೆ’ಯ ಕೆಲಸ ನಡೆದಿದ್ದರೆ, ಅಷ್ಟೂ ತಿಂಗಳ ಪಿಗ್ಮಿಯನ್ನು ಸದಸ್ಯರ ಕೈಚೀಟಿಗಳಿಂದ ಹೆಕ್ಕಿ ಬರೆಯಬೇಕಾಗುತ್ತಿದ್ದಿತು. ಕೈಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳುವ ಹೊಟೇಲು ಹುಡುಗರು ಎಷ್ಟು ಮಂದಿಯೆಂಬುದನ್ನು ಗಲ್ಲಾದ ಹಿಂದೆ ಕುಳಿತ ನಾವು ಬಲ್ಲೆವು. ಅಂಗಿ ಒಗೆಯುವಾಗ ಚೀಟಿಯೂ ಒಗೆದುಹೋಗಿರುತ್ತದೆ.

ಅಂದಿನ ಕೆಲಸ ಅಲ್ಲಿಗೇ ನಿಂತಿತು. ಸರಿಯಾದ ಕಪಾಟಿನಿಂದ ಹೊಸ ಪ್ರತಿ ತೆಗೆದರು. ಒಂದಲ್ಲ, ಎರಡು ಡಿಸ್ಕುಗಳಿಗೆ. ಒಂದು ಆಫೀಸಿನಲ್ಲಿ, ಇನ್ನೊಂದು ಆಫೀಸಿನಿಂದ ದೂರ. ಬಲ್ಲವರು ಇದಕ್ಕೆ ಮೂರು-ಎರಡು-ಒಂದು ಎಂಬ ಸೂತ್ರ ಹೇಳುತ್ತಾರೆ: ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡ ನಮ್ಮವರಿಗೆ, ನೆಲಮಾಳಿಗೆಯ ಒಂದೇ ಕೋಣೆಯಲ್ಲಿ ಮೂಲವನ್ನೂ ಪ್ರತಿಯನ್ನೂ ಇಡುವುದು ಎಂತಹ ಜಾಣತನವೆಂದು ಹೇಳಬೇಕಾದುದಿಲ್ಲ. ಹೊಸ ಪ್ರತಿಯನ್ನು ಮತ್ತೆ ಆ ಹಳೆಯ ಕಂಪ್ಯೂಟರಿಗಿಳಿಸಿ, ಟ್ರಯಲ್ ಬ್ಯಾಲೆನ್ಸ್ ಮುದ್ರಿಸಿ, ಮೂಲದೊಡನೆ ಸಾಲುಸಾಲಾಗಿ ತಾಳೆ ನೋಡಿದ ಮೇಲೆಯೇ ತರುಣನು ಮನೆಗೆ ಹೋಗಿ ಮಲಗಿದುದು.

ಇದು ಸಣ್ಣ ಸಂಘದ ಮಾತೆಂದು ತಿಳಿಯಬಾರದು. ದಿವಾ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದು ನಿಂತವರು, ಪನ್ವೇಲ್ ಕಡೆಯಿಂದ ಬಂದು ವಸಾಯಿ ಕಡೆಗೆ ತೆವಳುವ ಉದ್ದುದ್ದದ ಕಂಟೇನರ್ ಗಾಡಿಗಳನ್ನು ಕಂಡಿರುತ್ತಾರೆ. ಅವುಗಳಲ್ಲಿ ಅನೇಕವು ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಿಂದ ಬರುವಂಥವು. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ವಿನಾಶಕ ತಂತ್ರಾಂಶವು ಜಗತ್ತಿನ ಅತಿ ದೊಡ್ಡ ಹಡಗು ಸಂಸ್ಥೆಗಳಲ್ಲೊಂದಾದ ಡೆನ್ಮಾರ್ಕಿನ ಮೇರ್ಸ್ಕ್‌ನ ಯಂತ್ರಗಳನ್ನು ಹೊಕ್ಕಿತು. ಆ ಸಂಸ್ಥೆಯ ಬಳಗಕ್ಕೆ ಸೇರಿದ ನ್ಹಾವಾ ಶೇವಾದ ಒಂದು ಟರ್ಮಿನಲ್ಲೂ ಸ್ತಬ್ಧವಾಗಿ, ಕಂಟೇನರುಗಳ ಲೆಕ್ಕವನ್ನು ಕೈಯಿಂದಲೇ ಮಾಡಬೇಕಾಗಿ ಬಂದಿತು. ಅನಂತರದ ಹತ್ತು ದಿನಗಳಲ್ಲಿ 4,000 ಸರ್ವರುಗಳಿಗೂ 45,000 ಕಂಪ್ಯೂಟರುಗಳಿಗೂ ಹೊಸದಾಗಿ ವ್ಯವಸ್ಥೆ ಹಾಕಬೇಕಾಯಿತೆಂದು ಸಂಸ್ಥೆಯ ಅಧ್ಯಕ್ಷರು 2018ರ ಜನವರಿಯಲ್ಲಿ ದಾವೋಸ್‌ನ ಸಭೆಯಲ್ಲಿ ಹೇಳಿದರು.

ಅಷ್ಟು ದೊಡ್ಡ ಸಂಸ್ಥೆಗೂ ಎದುರಾದ ಕಷ್ಟ ನಮ್ಮ ಗುಮಾಸ್ತರದೇ. ಯಾರು ಯಾವ ಯಂತ್ರಕ್ಕೆ ಪ್ರವೇಶಿಸಬಹುದೆಂಬ ಮೂಲಪಟ್ಟಿಯನ್ನು ಇಟ್ಟುಕೊಂಡ ಸರ್ವರುಗಳು ಅವರಲ್ಲಿ ಸುಮಾರು 150 ಇದ್ದುವು. ಪ್ರತಿಯೊಂದೂ ಉಳಿದವುಗಳ ಪ್ರತಿಯೆಂಬ ಧೈರ್ಯದಿಂದ ಅದಕ್ಕೆ ಬೇರೆ ಬ್ಯಾಕಪ್ ಇಟ್ಟಿರಲಿಲ್ಲ. ಎಲ್ಲವೂ ಒಂದೇ ಹೊಡೆತಕ್ಕೆ ಅಳಿದುವು. ಉಳಿದುದು ಆಫ್ರಿಕದ ಘಾನಾ ದೇಶದಲ್ಲಿದ್ದ ಒಂದು ಮಾತ್ರ. ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿದ್ದಿತು! ಆ ಯಂತ್ರದ ಡಿಸ್ಕನ್ನು ಇಂಗ್ಲೆಂಡಿಗೆ ಒಯ್ಯಬೇಕೆಂದರೆ ಘಾನಾದ ಸಿಬ್ಬಂದಿಯ ಬಳಿ ವೀಸಾ ಇರಲಿಲ್ಲವಾಗಿ, ಒಬ್ಬನು ನೈಜೀರಿಯಾದವರೆಗೆ ಹೋಗಿ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬನ ಕೈಗೊಪ್ಪಿಸಿದನಂತೆ. ಕರೆಂಟು ಹೋದುದಕ್ಕೆ ದೇವರಿಗೆ ಹಣ್ಣುಕಾಯಿ ಮಾಡಿಸಬೇಕಾದ ಸಂದರ್ಭ ದಿವಾದವರಿಗೆ ಇದುವರೆಗೆ ಬಂದುದನ್ನು ನಾವು ಕೇಳಿಲ್ಲ.

ಎರಡನೆಯ ಭಾನುವಾರ ಯಂತ್ರದ ಶರೀರಕ್ಕೆ ಕೈ ಹಾಕಿದರು. ಪೆಟ್ಟಿಗೆಯ ಮುಂಭಾಗಕ್ಕೆ ಯಾರೋ ಒಂದು ಕ್ಯಾಲೆಂಡರನ್ನು ತೂಗುಹಾಕಿದ್ದರು. ಅದನ್ನು ಸರಿಸಿದೊಡನೆ ಎರಡು ಸಣ್ಣ ದೀಪಗಳು ಕಂಡುವು. ಒಂದು ಹಸಿರು, ಒಂದು ಕಿತ್ತಳೆ. ಈ ಯಂತ್ರದಲ್ಲಿ ಒಂದರ ಪ್ರತಿಬಿಂಬದಂತೆ ಇನ್ನೊಂದಿರುವ ಜೋಡಿ ಡಿಸ್ಕುಗಳಿದ್ದುವು. ಒಂದು ಸತ್ತರೂ ಇನ್ನೊಂದು ಕೆಲಸ ನಡೆಸುವ ಈ ಏರ್ಪಾಡಿಗೆ ರೇಡ್ ಎಂದು ಹೆಸರು. ಕಿತ್ತಳೆ ದೀಪವೆಂದರೆ ಒಂದು ಡಿಸ್ಕು ಸತ್ತಿದೆಯೆಂದರ್ಥ. ಎಂದು ಸತ್ತಿತೋ, ಕ್ಯಾಲೆಂಡರಿನ ಹಿಂದೆ ಕಂಡವರಾರು? ಸಂಘದ ಲೆಕ್ಕವೆಲ್ಲ ಆ ಒಂದು ಹಸಿರು ದೀಪವನ್ನೇ ನೆಚ್ಚಿಕೊಂಡಿದ್ದಿತು. ರೇಡ್ ಇದ್ದರೆ ಬ್ಯಾಕಪ್ ಬೇಡವೆಂದು ತಿಳಿದವರು ಬಹಳ ಮಂದಿ. ಡಿಸ್ಕು ಸತ್ತಾಗ ಮಾತ್ರ ಅದು ಕಾಯುತ್ತದೆ. ತಪ್ಪಾಗಿ ಅಳಿಸಿದ್ದನ್ನಾದರೋ ಎರಡೂ ಕಡೆ ಒಟ್ಟಿಗೇ ಅಳಿಸುತ್ತದೆ.

ಯಂತ್ರವನ್ನು ಆರಿಸಿ, ತಂತಿ ಕಳಚಿ, ಪಕ್ಕದ ತಗಡು ತೆಗೆದಾಗ ಒಳಗೆ ಬೂದುಬಣ್ಣದ ಹೊದಿಕೆಯೇ ಇದ್ದಿತು. ದಿವಾದ ರಸ್ತೆಗಳ ಧೂಳಿನ ಸ್ವರೂಪವನ್ನು ಅಲ್ಲಿಯವರಿಗೆ ಬಣ್ಣಿಸಬೇಕಿಲ್ಲ. ಧೂಳು ಶಾಖವನ್ನು ಹಿಡಿದಿಡುವುದು. ಹೊಸ ವ್ಯವಸ್ಥೆ ಹಾಕುವಾಗ ಯಂತ್ರ ಗಂಟೆಗಟ್ಟಲೆ ಪೂರ್ಣ ಶ್ರಮದಿಂದ ದುಡಿಯುವುದರಿಂದ ಆಗಲೇ ಬಿಸಿಯೇರಿ ನಿಲ್ಲುವ ಅಪಾಯ ಹೆಚ್ಚು. ಗಾಳಿ ಊದಿ, ಕುಂಚದಿಂದ ಗುಡಿಸಿ, ಫ್ಯಾನುಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ ನೋಡಿದರು. ನಾಣ್ಯದಷ್ಟು ಗಾತ್ರದ ಒಂದು ಬ್ಯಾಟರಿಯನ್ನು ಬದಲಿಸಿದರು. ಯಂತ್ರ ಆರಿದಾಗಲೂ ಅದರ ಗಡಿಯಾರ ನಡೆಯುವುದು ಈ ಬ್ಯಾಟರಿಯಿಂದ. ಗಡಿಯಾರ ತಪ್ಪಿದರೆ ಹೊಸ ವ್ಯವಸ್ಥೆ ಉಳಿದ ಯಂತ್ರಗಳ ಗುರುತನ್ನು ಒಪ್ಪುವುದಿಲ್ಲ. ವಿಂಡೋಸಿನ ಜಾಲದಲ್ಲಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಅಂತರ ಸಲ್ಲದು. ಆಮೇಲೆ ಸ್ಮರಣಶಕ್ತಿಯ ಪರೀಕ್ಷೆ. 16 ಗಿಗಾಬೈಟ್ ಸ್ಮೃತಿಯ ಪ್ರತಿ ಮೂಲೆಗೂ ಬರೆದು ಓದಿ ತಾಳೆನೋಡುವ ಒಂದು ಸಣ್ಣ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಟ್ಟು ಬೀಗ ಹಾಕಿ ಬಂದರು.

ಮೂರನೆಯ ಭಾನುವಾರದ ಮುಖ್ಯ ಚರ್ಚೆ ವಿದ್ಯುತ್ತಿನದು. ಯಂತ್ರದ ಅಂಗಾಂಗಗಳಲ್ಲಿಯೇ ಕೊರೆದಿಟ್ಟಿರುವ ಫರ್ಮ್‌ವೇರ್ ಎಂಬ ಮೂಲಸೂಚನೆಗಳುಂಟು. ತಯಾರಕರು ಇವನ್ನೂ ಕಾಲಕಾಲಕ್ಕೆ ತಿದ್ದುತ್ತಾರೆ. ಹೊಸ ಕಾರ್ಯವ್ಯವಸ್ಥೆಗೆ ಮೊದಲು ಇವನ್ನು ಹೊಸದಾಗಿಸಿಕೊಳ್ಳುವುದು ಲೇಸು. ಈ ತಿದ್ದುಪಡಿಗೆ ಹಿಡಿಯುವುದು ಕೆಲವೇ ನಿಮಿಷ. ಆದರೆ ಆ ನಿಮಿಷಗಳಲ್ಲಿ ಕರೆಂಟು ಹೋದರೆ ಯಂತ್ರ ಮತ್ತೆ ಏಳದೆಯೇ ಇರಬಹುದು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳವಾ–ಪಡಘಾ ವಿದ್ಯುತ್ ಮಾರ್ಗದ ದೋಷದಿಂದ ಮುಂಬಯಿ, ಠಾಣೆ, ನವಿ ಮುಂಬಯಿಗಳೆಲ್ಲ ಏಕಕಾಲಕ್ಕೆ ಆರಿಹೋಗಿ ಲೋಕಲ್ ಗಾಡಿಗಳು ನಿಂತಲ್ಲೇ ನಿಂತುದು ವಾಚಕರಿಗೆ ನೆನಪಿರಬಹುದು. ಸಂಘದಲ್ಲಿ ಯುಪಿಎಸ್ ಇತ್ತು. ‘ಇದೆ’ ಎಂಬ ಮಾತನ್ನು ಅಷ್ಟರಲ್ಲಾಗಲೇ ಯಾರೂ ನಂಬುತ್ತಿರಲಿಲ್ಲ. ಸರ್ವರಿನ ಬದಲು ಒಂದು ಟೇಬಲ್ ಫ್ಯಾನನ್ನೂ ಕೆಲವು ಬಲ್ಬುಗಳನ್ನೂ ಅದಕ್ಕೆ ಸಿಕ್ಕಿಸಿ ಗೋಡೆಯ ಸ್ವಿಚ್ಚು ಆರಿಸಿದರು. ಮೂರು ನಿಮಿಷಕ್ಕೆ ಎಲ್ಲವೂ ಕತ್ತಲು. ಹೊಸ ಬ್ಯಾಟರಿ ತರಿಸಿ, ಮತ್ತೆ ಪರೀಕ್ಷಿಸಿ, ಅನಂತರವೇ ಫರ್ಮ್‌ವೇರಿಗೆ ಕೈ ಹಾಕಿದುದು. ಅದೇ ದಿನ ಯಂತ್ರವನ್ನು ಹಳೆಯ ಬಯಾಸ್ ಕ್ರಮದಿಂದ ಯುಇಎಫ್‌ಐ ಎಂಬ ಹೊಸ ಕ್ರಮಕ್ಕೆ ಬದಲಿಸಿದರು. ಹಳೆಯ ಕ್ರಮದಲ್ಲಿ 2 ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಿ ವ್ಯವಸ್ಥೆಯನ್ನು ಎಬ್ಬಿಸುವುದು ಸಾಧ್ಯವಿಲ್ಲ. ಸಂಘದವರು ತಂದುದು 4 ಟೆರಾಬೈಟಿನವು. ಈ ಬದಲಾವಣೆಯನ್ನು ವ್ಯವಸ್ಥೆ ಹಾಕುವ ಮೊದಲೇ ಮಾಡಿಕೊಳ್ಳಬೇಕು; ಹಾಕಿದ ಮೇಲೆ ಮಾಡಿದರೆ ಯಂತ್ರಕ್ಕೆ ತನ್ನ ಮನೆಯೇ ಕಾಣಿಸುವುದಿಲ್ಲ.

ಹೊಸ ಡಿಸ್ಕು ತರಿಸಿದುದು ತರುಣನ ಸಲಹೆಯಿಂದ. ಹಳೆಯ ಡಿಸ್ಕುಗಳನ್ನು ಅಳಿಸಿ ಅದರ ಮೇಲೆಯೇ ಬರೆಯುವುದು ಅಗ್ಗದ ದಾರಿ. ಅವುಗಳನ್ನು ಹಾಗೆಯೇ ಹೊರತೆಗೆದು ಹೊಸ ಜೋಡಿಯನ್ನು ಹಾಕಿದರಾದರೋ, ಏನೇ ಕೆಟ್ಟರೂ ಹಳೆಯ ಡಿಸ್ಕನ್ನು ಮತ್ತೆ ಸಿಕ್ಕಿಸಿ ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯಬಹುದು. ಒಂದೆರಡು ಡಿಸ್ಕುಗಳ ಬೆಲೆಗೆ ಇದಕ್ಕಿಂತ ಒಳ್ಳೆಯ ವಿಮೆಯನ್ನು ನಾವು ಕಾಣೆವು. ಹೊರತೆಗೆದ ಪ್ರತಿ ಡಿಸ್ಕಿಗೂ ಅದು ಯಾವ ಸಂಖ್ಯೆಯ ಗೂಡಿನಲ್ಲಿತ್ತು, ಎಂದು ತೆಗೆದುದು, ಸತ್ತುದೋ ಬದುಕಿದುದೋ ಎಂದು ಬರೆದು ಚೀಟಿ ಅಂಟಿಸಿದರು. ಬಳಿಕ ಯಂತ್ರಕ್ಕೆ ಹೊಸ ಜೋಡಿಯ ಹೊರತು ಬೇರಾವ ಡಿಸ್ಕೂ ಅಂಟಿಕೊಂಡಿಲ್ಲವೆಂದು ಖಚಿತಮಾಡಿಕೊಂಡರು. ಬ್ಯಾಕಪ್ಪಿನ ಹೊರಡಿಸ್ಕನ್ನೂ ಕಳಚಿ ದೂರವಿಟ್ಟರು. ಕಾರಣವೇನೆಂದರೆ, ವ್ಯವಸ್ಥೆ ಹಾಕುವಾಗ ಯಂತ್ರವು ‘ಡಿಸ್ಕು ಸೊನ್ನೆ, ಡಿಸ್ಕು ಒಂದು’ ಎಂದು ಪಟ್ಟಿ ತೋರಿಸಿ ಯಾವುದನ್ನು ಅಳಿಸಲಿ ಎಂದು ಕೇಳುತ್ತದೆ; ನಡುರಾತ್ರಿಯ ನಿದ್ದೆಗಣ್ಣಿನಲ್ಲಿ ಬ್ಯಾಕಪ್ಪನ್ನೇ ತೋರಿಸಿದವರಿದ್ದಾರಂತೆ. ಅಂಟಿಕೊಂಡಿಲ್ಲದ ಡಿಸ್ಕನ್ನು ಯಾರೂ ಅಳಿಸಲಾರರು. ಹೊಸ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದರ ಜೊತೆಗೆ ಪ್ರಕಟವಾಗುವ 64 ಅಕ್ಷರಗಳ ಪರೀಕ್ಷಾಂಕವನ್ನು ತಾಳೆನೋಡಿ, ಡಿಸ್ಕು ನಿಯಂತ್ರಕ ಮತ್ತು ನೆಟ್‌ವರ್ಕ್ ಕಾರ್ಡಿನ ಡ್ರೈವರುಗಳನ್ನೂ ಅದರಲ್ಲಿಯೇ ಸೇರಿಸಿಟ್ಟುಕೊಂಡುದರೊಂದಿಗೆ ಸಿದ್ಧತೆ ಮುಗಿಯಿತು.

ಚಹಾದ ಹೊತ್ತಿನಲ್ಲಿ, ಐರೋಲಿಯಲ್ಲೂ ಹೀಗೆಯೇ ಒಂದೊಂದಾಗಿ ಮಾಡುವಿರೋ ಎಂದು ನಾವು ಕೇಳಿದೆವು. ‘ಇಲ್ಲ ಧಣಿಗಳೆ, ಅಲ್ಲಿ ನೂರಾರು ಒಟ್ಟಿಗೇ ಬರುತ್ತವೆ’ ಎಂದನು. ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿದ್ದ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಈಗ ಕಿಟಕಿಯಿಲ್ಲದ ಭಾರಿ ಕಟ್ಟಡಗಳು ಎದ್ದಿವೆ. ಸಮುದ್ರದಡಿಯಿಂದ ಬರುವ ತಂತಿಗಳು ಮುಂಬಯಿಯ ದಡವನ್ನೇರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಒಳಗೆ ಆಳೆತ್ತರಕ್ಕೂ ಮೀರಿದ ಕಬ್ಬಿಣದ ರ‍್ಯಾಕುಗಳು. ಒಂದರಲ್ಲಿ ಸಾಮಾನ್ಯವಾಗಿ 42 ಅಂತಸ್ತು, ಪ್ರತಿ ಅಂತಸ್ತಿನ ಎತ್ತರ ಒಂದೂ ಮುಕ್ಕಾಲು ಅಂಗುಲ. ಭಾರದವುಗಳನ್ನು ಕೆಳಗಿಡಬೇಕು, ಇಬ್ಬರು ಹಿಡಿದೇ ಎತ್ತಬೇಕು. ಪ್ರತಿ ಯಂತ್ರಕ್ಕೆ ಎರಡು ವಿದ್ಯುತ್ ತಂತಿ, ಎರಡೂ ಬೇರೆ ಬೇರೆ ಮೂಲದಿಂದ. ಪ್ರತಿ ತಂತಿಗೆ ಎರಡೂ ತುದಿಯಲ್ಲಿ ಚೀಟಿ. ವ್ಯವಸ್ಥೆ ಜಾಲದ ಮೂಲಕ ತಾನಾಗಿಯೇ ಇಳಿದುಬರುತ್ತದೆ. ಬರೆಯುವವನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕುಳಿತಿರಬಹುದು. ಆದರೆ ತಂತಿ ತಪ್ಪು ತೂತಿಗೆ ಹೋಗಿದ್ದರೆ ಅಮೆರಿಕದವನು ಏನೂ ಮಾಡಲಾರನು. ಐರೋಲಿಯ ಮಾಣಿಯೇ ಎದ್ದು ಹೋಗಬೇಕು.

ಇದನ್ನು ಕೇಳಿದಾಗ ನಮಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಕಂಪ್ಯೂಟರಿನ ಕೆಲಸವೆಂದರೆ ಇಂಜಿನಿಯರಿಂಗ್ ಪದವಿ ಪಡೆದು ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕೂರುವುದೆಂದೇ ನಮ್ಮವರಲ್ಲಿ ಬಹಳ ಮಂದಿ ನಂಬಿದ್ದಾರೆ. ಠಾಣೆಯಿಂದ ವಾಶಿಯ ಕಡೆಗೆ ಹೋಗುವ ಗಾಡಿಯ ಮೊದಲ ನಿಲ್ದಾಣಗಳಲ್ಲಿಯೇ, ಕೈಯಿಂದ ಮಾಡುವ, ಎಣಿಸಿ ಮಾಡುವ, ಬರೆದಿಟ್ಟು ಮಾಡುವ ಇಂತಹ ಉದ್ಯೋಗವುಂಟೆಂಬುದು ಅವರಿಗೆ ತಿಳಿಯದು. ಹಿಂದೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಿಗೆ, ಟೇಬಲು ಒರೆಸಿದ ಕೈಯನ್ನು ತೊಳೆದುಕೊಂಡು ಹೋದ ಹುಡುಗರು ಬ್ಯಾಂಕು ಗುಮಾಸ್ತರಾದರು, ವಕೀಲರಾದರು. ಡಿಪ್ಲೊಮಾ ಓದುತ್ತಿರುವ ಮಕ್ಕಳಿರುವ ತಂದೆತಾಯಿಗಳು ಈ ಕಟ್ಟಡಗಳೊಳಗೆ ಏನು ನಡೆಯುತ್ತದೆಂದು ಒಮ್ಮೆ ವಿಚಾರಿಸಿ ನೋಡಬೇಕು. ರಾತ್ರಿಪಾಳಿಯ ಕಷ್ಟವಿದೆ, ನಿಜ. ಹೊಟೇಲಿನವರಿಗೆ ಬೆಳಗಿನ ನಾಲ್ಕು ಗಂಟೆಯ ಪರಿಚಯ ಮಾಡಿಸಬೇಕೇ?

ಕೊನೆಗೆ ಆ ‘ಒಂದು ಗಂಟೆ’ಯ ಕೆಲಸ ನಾಲ್ಕನೆಯ ವಾರದ ಶನಿವಾರ ರಾತ್ರಿ ನಡೆಯಿತು. ವಿಶೇಷವೇನೂ ಆಗಲಿಲ್ಲ. ಯಂತ್ರ ಕೇಳಿದ್ದಕ್ಕೆ ನೋಟುಪುಸ್ತಕದಲ್ಲಿ ಉತ್ತರವಿದ್ದಿತು. ಅಳಿಸತಕ್ಕ ಡಿಸ್ಕು ಯಾವುದೆಂದು ಕೇಳಿದಾಗ ಪಟ್ಟಿಯಲ್ಲಿ ಒಂದೇ ಹೆಸರಿದ್ದಿತು. ವ್ಯವಸ್ಥೆ ಇಳಿದು ಮುಗಿಯಲು ಹಿಡಿದ ಕಾಲ ಮುಕ್ಕಾಲು ಗಂಟೆಗೂ ಕಡಿಮೆ. ತೇಪೆಗಳನ್ನೆಲ್ಲ ಹಾಕಿ, ಲೆಕ್ಕದ ತಂತ್ರಾಂಶವನ್ನು ಕೂರಿಸಿ, ಹಿಂದಿನ ಸಂಜೆ ತೆಗೆದು ಪರೀಕ್ಷಿಸಿದ ಪ್ರತಿಯನ್ನು ಇಳಿಸುವಷ್ಟರಲ್ಲಿ ಬೆಳಗಿನ ಮೊದಲ ಗಾಡಿಗಳ ಸದ್ದು ಕೇಳಿಸುತ್ತಿದ್ದಿತು. ಗುಮಾಸ್ತರು ಹಳೆಯ ಟ್ರಯಲ್ ಬ್ಯಾಲೆನ್ಸನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಅಡಿಕೋಲಿನಿಂದ ಸಾಲು ಹಿಡಿದು ಕೊನೆಯ ಮೊತ್ತದವರೆಗೆ ಓದಿದರು. ಪೈಸೆಗೆ ಪೈಸೆ ಸರಿಹೋಯಿತು.

ಇಂತಹ ಕೆಲಸಕ್ಕೆ ಕೈ ಹಾಕಬೇಕಾಗಿರುವ ಇತರ ಸಂಘಗಳ ಗುಮಾಸ್ತರಿಗೆ ಇನ್ನೊಂದು ವಿಷಯವನ್ನು ಅರಿಕೆ ಮಾಡಬೇಕು. ಹೊಸ ಯಂತ್ರ ಸರಿಯಾಗಿ ನಡೆಯುತ್ತಿದೆಯೆಂದು ಹಳೆಯ ಡಿಸ್ಕುಗಳನ್ನು ಕೂಡಲೇ ಬೇರೆ ಕೆಲಸಕ್ಕೆ ಬಳಸಬಾರದು. ಗುಜರಿಗಂತೂ ಸರ್ವಥಾ ಕೊಡಬಾರದು. ಅವುಗಳಲ್ಲಿ ಸದಸ್ಯರ ಹೆಸರು, ವಿಳಾಸ, ಲೆಕ್ಕಗಳೆಲ್ಲ ಇರುತ್ತವೆ. ಸತ್ತುದೆಂದು ಎಸೆದ ಡಿಸ್ಕಿನಿಂದಲೂ ಅವನ್ನು ಹೊರತೆಗೆಯಬಲ್ಲವರುಂಟು. ದಿವಾದ ಸಂಘದವರು ಎರಡನ್ನೂ ಬಟ್ಟೆಯಲ್ಲಿ ಸುತ್ತಿ, ಚೀಟಿ ಸಮೇತ, ಷೇರು ಪ್ರಮಾಣಪತ್ರಗಳಿರುವ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಮಾರ್ಚ್ 31ರ ಲೆಕ್ಕ ಮುಗಿದು ಪರಿಶೋಧಕರ ಸಹಿ ಬಿದ್ದ ಮೇಲೆ, ಸಮಿತಿಯ ಇಬ್ಬರು ಸದಸ್ಯರ ಎದುರಿನಲ್ಲಿ ಅವನ್ನು ಒಡೆದು ನಾಶಪಡಿಸಬೇಕೆಂದು ನಿರ್ಣಯವಾಗಿದೆ. ಕಪಾಟಿನ ಬೀಗದ ಕೈ ಗುಮಾಸ್ತರ ಬಳಿ ಇದೆ. ಕ್ಯಾಲೆಂಡರನ್ನು ಎದುರಿನ ಗೋಡೆಗೆ ಸಾಗಿಸಲಾಗಿದೆ.